ಅಪ್‌ಡೇಟ್: ಧಾರವಾಡದ ಮೈಫಿಲ್ ವಿಡಿಯೋ ಕೈಗೆ ಬಂತು

ಧಾರವಾಡದಲ್ಲಿ ನಮ್ಮ ಗುರುಗಳ ಗಾಯನ ಶೂಟ್ ಮಾಡಿದ ಕಂಪನಿಯವರು ಪೂರ್ತಿ ದುಡ್ಡು ತಗೊಂಡು, ಕಾಪಿರೈಟ್ ನಮ್ಮದು ಅಂತ ರಾ ಫೂಟೇಜ್ (ಎಡಿಟ್ ಮಾಡದ ಮೂಲ ವಿಡಿಯೋ) ಕೊಡುತ್ತಿಲ್ಲ, ದನಿಯೂ ಬಾವಿಯೊಳಗಿಂದ ಬಂದ ಹಾಗಿದೆ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ನೋಡಿ ಅಂದಿದ್ದಿರಿ. ನೋಡಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಮಾಡಿಸಿದವರೇ ಫಿಲ್ಮಿನ ಮೊದಲ ಹಕ್ಕುದಾರರು. ನಮ್ಮ ಕಾಗದದಲ್ಲಿ ಹಕ್ಕಿನ ಮಾತೇ ಇರಲಿಲ್ಲ. ಅದನ್ನೇ ಜಗಳ ಮಾಡದೆ ಮೇಲ್‌ನಲ್ಲಿ ಬರೆದೆ. ಹಾರ್ಡ್ ಡಿಸ್ಕ್ ಕಳಿಸಿ, ಕಾಪಿ ಮಾಡಿ ಕೊಡುತ್ತೇವೆ ಅಂದರು.

ದನಿಯದ್ದೇ ದೊಡ್ಡ ಕೆಲಸ. ಅವರು ಕ್ಯಾಮೆರಾ ಮೈಕಿನ ಸೌಂಡನ್ನೇ ಹಾಕಿಬಿಟ್ಟಿದ್ದರು, ಸಭಾಂಗಣದ ಪ್ರತಿಧ್ವನಿಯೆಲ್ಲ ಅದರಲ್ಲಿ. ಪುಣ್ಯಕ್ಕೆ ಸೌಂಡ್ ಸಿಸ್ಟಮ್‌ನವರ ಮಿಕ್ಸರ್‌ನಲ್ಲಿ ಒಂದೊಂದು ಮೈಕೂ ಬೇರೆ ಟ್ರ್ಯಾಕ್ ಆಗಿ ರೆಕಾರ್ಡ್ ಆಗಿತ್ತು. ಗೆಳೆಯನೊಬ್ಬ ತಬಲಾದ ಪೆಟ್ಟು ನೋಡಿಕೊಂಡು ಅದನ್ನು ಚಿತ್ರಕ್ಕೆ ಕೂಡಿಸಿದ. ಆದರೆ ಬರೀ ಮಿಕ್ಸರ್ ಸೌಂಡ್ ತೀರಾ ಒಣ ಒಣ, ಚಪ್ಪಾಳೆ, ವಾಹ್ ವಾಹ್ ಯಾವುದೂ ಸರಿಯಾಗಿ ಕೇಳಿಸುವುದಿಲ್ಲ, ಅದಕ್ಕೆ ಕ್ಯಾಮೆರಾ ಸೌಂಡನ್ನೂ ಸ್ವಲ್ಪ ಬೆರೆಸಿದೆವು. (ಹಾರ್ಮೋನಿಯಂ ಜಾಸ್ತಿ ಆಯ್ತು ಅಂತ ಗುರುಗಳ ತಕರಾರು. ಅದು ಯಾವತ್ತೂ ಇರೋದೇ ಬಿಡಿ.)

ಯೂಟ್ಯೂಬ್‌ಗೆ ಹಾಕುವ ಮುಂಚೆ ಸಾಥ್ ಕೊಟ್ಟವರ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳುತ್ತಿದ್ದೇವೆ, ಕಲಾವಿದರ ಹಕ್ಕು ಬೇರೆಯೇ ಇದೆ ಅಲ್ವಾ. ತಬಲಾದವರ ಸಹಿ ಒಂದು ಬಾಕಿ.