ಚಾಂಪಿಯನ್‌ಶಿಪ್ ಆಡ್ಸ್ ನೋಡಿ ಡ್ರೈವರ್ ಗೆಲ್ಲುವ ಸಾಧ್ಯತೆ ಲೆಕ್ಕ ಹಾಕೋದು ಹೇಗೆ?

ಗ್ರಿಡ್‌ನೋಟ:
ಎಫ್1 (ಫಾರ್ಮುಲಾ 1 ಕಾರ್ ರೇಸ್) ಸೀಸನ್ ಮುಗಿಯುತ್ತಾ ಬಂದಾಗ ಬ್ರಿಟನ್ ಬುಕ್ಕಿಗಳ (ಬಾಜಿ ಕಟ್ಟಿಸಿಕೊಳ್ಳುವವರ) ಆಡ್ಸ್, ಅಂದ್ರೆ 1 ರೂಪಾಯಿ ಬಾಜಿಗೆ ಗೆದ್ದಾಗ ಸಿಗುವ ಒಟ್ಟು ಹಣ, ಸುದ್ದಿಗಳಲ್ಲಿ ಬರುತ್ತೆ. ಕೊನೇ ರೇಸಿಗೆ ಮುಂಚೆ ನಾಲ್ಕು ಜನ ಪೈಪೋಟಿಯಲ್ಲಿದ್ದು, ಆಡ್ಸ್ 1.60, 4.00, 5.00, 41.00 ಇದೆ ಅಂದ್ಕೊಳ್ಳಿ. 1ನ್ನು ಆಡ್ಸ್‌ನಿಂದ ಭಾಗಿಸಿದ್ರೆ ಶೇಕಡಾ 62.5, 25, 20, 2.4 ಬರುತ್ತೆ. ಕೂಡಿದ್ರೆ 109.9%. ನೂರು ದಾಟೋದ್ಯಾಕೆ? ಪಾಯಿಂಟ್ಸ್ ಪಟ್ಟಿಗಿಂತ ಇದನ್ನ ಹೆಚ್ಚು ನಂಬಬಹುದಾ? ಬಾಜಿ ಕಟ್ಟೋಕೆ ಕೇಳ್ತಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳಿಗೆ 2025ರ ಕಾಯ್ದೆಯಲ್ಲಿ ನಿಷೇಧ ಇದೆ. ಅಂಕಿ ಓದೋದು ಗೊತ್ತಾಗಬೇಕು, ಅಷ್ಟೇ.

ಅಂಕಗಣಿತ:
ಹೆಚ್ಚಿಗೆ ಇರುವ ಆ 9.9 ಬುಕ್ಕಿಯ ಮಾರ್ಜಿನ್, ಅಂದ್ರೆ ಅವನ ಲಾಭದ ಪಾಲು. ಅದನ್ನ ತೆಗೆಯದೆ ಹೋಲಿಸಬೇಡಿ. ಪ್ರತಿಯೊಂದನ್ನೂ ಮೊತ್ತದಿಂದ ಭಾಗಿಸಿ: 62.5 ÷ 109.9 = 56.9%. ಉಳಿದವು 22.7, 18.2 ಮತ್ತು 2.2.

ಇದರಲ್ಲೂ ಒಂದು ತೊಡಕಿದೆ. ಬುಕ್ಕಿ ಮಾರ್ಜಿನ್ನನ್ನು ಎಲ್ಲರ ಮೇಲೂ ಸಮನಾಗಿ ಹಾಕಲ್ಲ. ಗೆಲ್ಲೋದು ಕಷ್ಟ ಅನ್ನೋ ಡ್ರೈವರ್ ಮೇಲೆ ಜಾಸ್ತಿ ಹಾಕ್ತಾನೆ. ಹಾಗಾಗಿ 41.00 ಇರುವವನ ನಿಜವಾದ ಸಾಧ್ಯತೆ 2.2ಕ್ಕಿಂತಲೂ ಕಮ್ಮಿ, ಫೇವರಿಟ್‌ನದ್ದು 56.9ಕ್ಕಿಂತ ತುಸು ಜಾಸ್ತಿ ಇರೋದೇ ಹೆಚ್ಚು. ಸೀಸನ್ ಶುರುವಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಸರಿರುವಾಗ ಈ ದೋಷ ಇನ್ನೂ ದೊಡ್ಡದು. ಬೆಟ್ಟಿಂಗ್ ಎಕ್ಸ್‌ಚೇಂಜ್‌ನ (ಬುಕ್ಕಿ ಇಲ್ಲದೆ ಜನರೇ ಒಬ್ಬರಿಗೊಬ್ಬರು ಬಾಜಿ ಕಟ್ಟುವ ತಾಣ) ದರ ಸಿಕ್ಕಿದ್ರೆ, ಬ್ಯಾಕ್ (ಗೆಲ್ತಾನೆ ಅನ್ನೋ ಬಾಜಿ) ಮತ್ತು ಲೇ (ಗೆಲ್ಲಲ್ಲ ಅನ್ನೋ ಬಾಜಿ) ದರಗಳೆರಡರ ನಡುವಿನ ಅಂಕಿ ತಗೊಳ್ಳಿ, ಅದು ಹೆಚ್ಚು ಶುದ್ಧ.

ಏಪೆಕ್ಸ್:
ಪಾಯಿಂಟ್ಸ್ ಪಟ್ಟಿ ಈವರೆಗೆ ಆಗಿದ್ದನ್ನ ಹೇಳುತ್ತೆ. ಆಡ್ಸ್ ಮುಂದಿನ ರೇಸುಗಳನ್ನೂ ಸೇರಿಸಿಕೊಳ್ಳುತ್ತೆ. 2010ರ ಕೊನೇ ರೇಸ್ ಅಬುಧಾಬಿ ನೋಡಿ. ರೇಸಿಗೆ ಮುಂಚೆ ಅಲೊನ್ಸೊ 246, ವೆಬ್ಬರ್ 238, ವೆಟ್ಟೆಲ್ 231, ಹ್ಯಾಮಿಲ್ಟನ್ 222. ವೆಟ್ಟೆಲ್ ಗೆದ್ದರೂ ಅಲೊನ್ಸೊಗೆ ನಾಲ್ಕನೇ ಸ್ಥಾನ ಸಾಕಿತ್ತು, ಗ್ರಿಡ್‌ನಲ್ಲಿ ಮೂರನೆಯವನಾಗಿ ನಿಂತಿದ್ದ. ಅವನನ್ನ ಫೇವರಿಟ್ ಅನ್ನೋದು ಸರಿಯಾದ ಲೆಕ್ಕವೇ. ಆದರೆ ವೆಬ್ಬರ್ 11ನೇ ಲ್ಯಾಪ್‌ನಲ್ಲಿ ಪಿಟ್‌ಗೆ (ಟೈರ್ ಬದಲಿಸುವ ಜಾಗ) ಹೋದ, ಅವನನ್ನ ತಡೆಯೋಕೆ ಅಲೊನ್ಸೊನ ತಂಡ ಫೆರಾರಿ 15ನೇ ಲ್ಯಾಪ್‌ನಲ್ಲಿ ಅಲೊನ್ಸೊನನ್ನ ಕರೆಸಿತು. ಹೊರಬಂದದ್ದು ಇನ್ನೊಬ್ಬ ಡ್ರೈವರ್ ಪೆಟ್ರೊವ್ ಹಿಂದೆ. ಮೊದಲ ಲ್ಯಾಪ್‌ನ ಸೇಫ್ಟಿ ಕಾರ್ (ಅಪಘಾತವಾದಾಗ ಎಲ್ಲರನ್ನೂ ನಿಧಾನಗೊಳಿಸುವ ಕಾರ್) ಹೊತ್ತಲ್ಲೇ ಟೈರ್ ಬದಲಿಸಿದ್ದ ಪೆಟ್ರೊವ್ ಮತ್ತೆ ನಿಲ್ಲಬೇಕಿರಲಿಲ್ಲ. ಆ ಟ್ರ್ಯಾಕ್‌ನಲ್ಲಿ ಓವರ್‌ಟೇಕ್ ಕಷ್ಟ, ಅಲೊನ್ಸೊ ಏಳನೆಯವನಾದ. 256–252ಕ್ಕೆ ವೆಟ್ಟೆಲ್ ಚಾಂಪಿಯನ್.

ಇದರಿಂದ ಆಡ್ಸ್ ತಪ್ಪಿತ್ತು ಅಂತ ತೀರ್ಮಾನಿಸಬಾರದು. ನಿಮ್ಮ ಉದಾಹರಣೆಯ ಫೇವರಿಟ್‌ಗೆ ಬಂದ ಸುಮಾರು 57% ಅಂದ್ರೆ ನೂರಕ್ಕೆ 43 ಸಲ ಬೇರೆಯವರು ಗೆಲ್ತಾರೆ ಅಂತಲೇ ಅರ್ಥ. ಆಡ್ಸ್ ಸರಿಯೋ ತಪ್ಪೋ ಅಂತ ಪರೀಕ್ಷಿಸಬೇಕಾದ್ರೆ ಹಲವು ಸೀಸನ್‌ಗಳಲ್ಲಿ ಅಷ್ಟೇ ಸಾಧ್ಯತೆ ತೋರಿಸಿದ್ದವರಲ್ಲಿ ಎಷ್ಟು ಜನ ಗೆದ್ದರು ಅಂತ ಎಣಿಸಬೇಕು. ಆಡ್ಸ್ ಯಾವ ಹೊತ್ತಿನದು ಅಂತಲೂ ಬರೆದಿಡಿ: ಕ್ವಾಲಿಫೈಯಿಂಗ್‌ಗೆ (ರೇಸ್ ಶುರುವಿನ ಸ್ಥಾನ ನಿರ್ಧರಿಸುವ ಸುತ್ತು) ಮುಂಚಿನದೂ ಆಮೇಲಿನದೂ ಬೇರೆ ಬೇರೆ.

ಅಂಕಗಣಿತ:
ನೀವೇ ಲೆಕ್ಕ ಹಾಕಿ ಬುಕ್ಕಿಯದ್ದಕ್ಕೆ ಹೋಲಿಸೋದಾದ್ರೆ ಸಿಮ್ಯುಲೇಶನ್ (ಕಂಪ್ಯೂಟರ್‌ನಲ್ಲಿ ಉಳಿದ ರೇಸುಗಳನ್ನ ಕಲ್ಪಿಸಿ ಓಡಿಸೋದು) ಮಾಡಿ. ಉಳಿದ ಪ್ರತಿ ರೇಸಿಗೂ ಒಬ್ಬೊಬ್ಬರಿಗೆ 1ರಿಂದ 10ನೇ ಸ್ಥಾನ, ಪಾಯಿಂಟ್ ಇಲ್ಲದ ಸ್ಥಾನ, ರಿಟೈರ್ ಆಗೋದು, ಇವಕ್ಕೆ ಸಾಧ್ಯತೆ ಕೊಡಿ. ಒಂದು ಸ್ಥಾನ ಇಬ್ಬರಿಗೆ ಬೀಳದಂತೆ ನೋಡಿಕೊಂಡು 10,000 ಸಲ ಓಡಿಸಿ. ಗೆಲುವಿಗೆ 25, ಸ್ಪ್ರಿಂಟ್ (ಚಿಕ್ಕ ರೇಸ್) ಇದ್ದ ವಾರ ಅದನ್ನ ಗೆದ್ದರೆ ಇನ್ನೊಂದು 8. ವೇಗದ ಲ್ಯಾಪ್‌ನ ಪಾಯಿಂಟ್ 2025ರಿಂದ ಇಲ್ಲ, ಹಳೇ ಕೋಡ್‌ನಲ್ಲಿದ್ರೆ ತೆಗೀರಿ. ಪಾಯಿಂಟ್ಸ್ ಸಮ ಆದ್ರೆ ಹೆಚ್ಚು ರೇಸ್ ಗೆದ್ದವನು ಮೇಲೆ.

ಹೆಚ್ಚಿನವರು ಎಡವೋದು ಒಂದೇ ಕಡೆ: ಪ್ರತಿ ರೇಸಿಗೂ ಬೇರೆ ಬೇರೆ ನಾಣ್ಯ ಚಿಮ್ಮಿದಂತೆ ಲೆಕ್ಕ ಹಾಕ್ತಾರೆ. ಕಾರಿಗೆ ಒಳ್ಳೇ ಅಪ್‌ಗ್ರೇಡ್ ಬಂದ್ರೆ ಉಳಿದ ಎಲ್ಲಾ ರೇಸುಗಳೂ ಒಟ್ಟಿಗೆ ಬದಲಾಗುತ್ತವೆ. 2025ರಲ್ಲಿ ಜಾಂಡ್‌ವೂರ್ಟ್ (ನೆದರ್ಲೆಂಡ್ಸ್) ರೇಸ್ ಮುಗಿದಾಗ ವೆರ್ಸ್ಟಾಪೆನ್, ಮುಂದಿದ್ದ ಪಿಯಾಸ್ಟ್ರಿಗಿಂತ 104 ಪಾಯಿಂಟ್ಸ್ ಹಿಂದಿದ್ದ. ಕೊನೆಗೆ ನಾರಿಸ್ 423, ವೆರ್ಸ್ಟಾಪೆನ್ 421, ಪಿಯಾಸ್ಟ್ರಿ 410. ಅಲ್ಲಿಯವರೆಗಿನ ಫಾರ್ಮ್ ಮಾತ್ರ ಹಾಕಿದ ಮಾದರಿ ವೆರ್ಸ್ಟಾಪೆನ್‌ಗೆ ಸೊನ್ನೆಗೆ ಹತ್ತಿರದ ಅಂಕಿ ಕೊಡ್ತಿತ್ತು. ಅದಕ್ಕೇ ಸಿಮ್ಯುಲೇಶನ್ ಪ್ರತಿ ಸಲ ಓಡಿಸುವಾಗ ಶುರುವಿನಲ್ಲೇ, ತಂಡಕ್ಕೊಂದರಂತೆ ಕಾರಿನ ವೇಗವನ್ನ ಸ್ವಲ್ಪ ಮೇಲೆ ಕೆಳಗೆ ಮಾಡಿ, ಆ ಸಲದ ಎಲ್ಲಾ ರೇಸಿಗೂ ಅದನ್ನೇ ಇಟ್ಟುಕೊಳ್ಳಿ.

ಗ್ರಿಡ್‌ನೋಟ:
ಥ್ಯಾಂಕ್ಸ್. ಕೆಲವು ಕಡೆ ಆಡ್ಸನ್ನ 5/2, +250, −160 ಅಂತ ಬರೆದಿರುತ್ತೆ, ಅದನ್ನ ಓದೋದು ಹೇಗೆ?

ಏಪೆಕ್ಸ್:
5/2 ಅಂದ್ರೆ 2 ÷ (5 + 2) = 28.6%. +250 ಅಂದ್ರೆ 100 ÷ (250 + 100), ಅದೂ 28.6. ಮೈನಸ್ ಇದ್ರೆ ಆ ಅಂಕಿಯೇ ಮೇಲೆ ಬರುತ್ತೆ: 160 ÷ (160 + 100) = 61.5%. ಮಾರ್ಜಿನ್ ತೆಗೆಯೋದು ಇದಾದ ಮೇಲೆ.