ಅರ್ಜೆಂಟು: ಗೇಮಿನ "ಗ್ರೈಂಡಿಂಗ್"ಗೆ ಕನ್ನಡದಲ್ಲಿ ಏನಂತೀರಿ?

ಕೀಲಿಕೈ ಬರೆದದ್ದು:
ಎಲ್ರಿಗೂ ನಮಸ್ಕಾರ. 1987ರಲ್ಲಿ ಜಪಾನಿನ ಸ್ಕ್ವೇರ್‌ನೋರು ಬಿಟ್ಟಿದ್ರಲ್ಲ ಮೊದಲನೇ ಫೈನಲ್ ಫ್ಯಾಂಟಸಿ ಅನ್ನೋ ವಿಡಿಯೋ ಗೇಮು, ಅದನ್ನ ಹೊಸದಾಗಿ ಆಡೋ ಹುಡುಗ್ರಿಗೆ ಅಂತ ಒಂದು ಪುಟದ ಸಲಹೆ ಬರೀತಿದೀನಿ, ಸಂಜೆಯೊಳಗೆ ಪ್ರಿಂಟಿಗೆ ಹೋಗ್ಬೇಕು. ಟರ್ನ್‌ಗೆ ಸರದಿ ಅಂತ ಹಾಕಿದೀನಿ, ಅದ್ರಲ್ಲಿ ತಕರಾರಿಲ್ಲ. ಸಿಕ್ಕಾಕೊಂಡಿರೋದು ಗ್ರೈಂಡಿಂಗ್ ಹತ್ರ. ಊರಾಚೆ ಸುತ್ತಾಡ್ಕೊಂಡು ಸಣ್ಣಪುಟ್ಟ ರಾಕ್ಷಸರನ್ನ ಹೊಡ್ದೂ ಹೊಡ್ದೂ ಲೆವೆಲ್ಲು ಏರಿಸ್ಕೊಂಡು ದುಡ್ಡೂ ಮಾಡ್ಕೊಳ್ಳೋದು. ವಾಕ್ಯ ಹೀಗಿದೆ: "ಗಾರ್ಲಂಡ್ ಮೇಲೆ ಹೋಗೋ ಮುಂಚೆ ಕೊನೇರಿಯಾ ಸುತ್ತಮುತ್ತ ಸ್ವಲ್ಪ ____ ಮಾಡಿ." (ಗಾರ್ಲಂಡ್ ಅಂದ್ರೆ ಗೇಮಲ್ಲಿ ಮೊದಲು ಎದುರಾಗೋ ದೊಡ್ಡ ಶತ್ರು, ಕೊನೇರಿಯಾ ಅಂದ್ರೆ ಆಟ ಶುರುವಾಗೋ ಊರು.)

ಅಚ್ಚುಮೊಳೆ:
ಅರೆಯುವಿಕೆ.

ಹಗ್ಗಜಗ್ಗ:
ದೋಸೆ ಹಿಟ್ಟಾ ಸಾರ್? ಗರಡಿಮನೇಲಿ ಹುಡುಗ್ರು ಮೈ ಗಟ್ಟಿಯಾಗೋವರ್ಗೂ ದಿನಾ ಅದೇ ದಂಡ ಅದೇ ಬಸ್ಕಿ ಹೊಡೀತಾರಲ್ಲ, ಅದಕ್ಕೆ ಏನಂತಾರೆ? ತಾಲೀಮು. "ತಾಲೀಮು ಮಾಡಿ", "ನಿಂಗಿನ್ನೂ ತಾಲೀಮು ಸಾಲ್ದು", ಹೇಗೆ ಬಳಸಿದ್ರೂ ಬಾಯಿಗೆ ಬರತ್ತೆ.

ಪದಬೇಟೆ:
ತಾಲೀಮು ಅರಬ್ಬಿ. ಕನ್ನಡದ್ದೇ "ಪಳಗು" ಇರುವಾಗ ಅದ್ಯಾಕೆ? ಹಳಗನ್ನಡದಲ್ಲಿ ೞಕಾರದ್ದು, ಪೞಗು, ತಮಿಳಲ್ಲಿ ಇವತ್ತಿಗೂ ಆ ಉಲಿ ಉಳಿದಿದೆ. "ಹಳೆ"ಗೂ ಇದಕ್ಕೂ ನಂಟಿದೆ ಅಂತ ನನ್ನ ಬಹುದಿನದ ಗುಮಾನಿ, ಮಾಡಿ ಮಾಡಿ ಹಳಬನಾದೋನೇ ಪಳಗಿದೋನು. "ಸ್ವಲ್ಪ ಪಳಗಿ" ಅಂತ ಹಾಕಿ, ಮುಗೀತು.

ಹಗ್ಗಜಗ್ಗ:
ಗುಮಾನಿ ಪಾರ್ಸಿ. ಮತ್ತೆ ಪಳಗಿದೋನಿಗೆ ಕೈ ಕುದುರಿರತ್ತೆ, ಅಷ್ಟೆ. ಇಲ್ಲಿ ಆಡೋನು ಏನೂ ಕಲೀದೆ ನಿದ್ದೆಗಣ್ಣಲ್ಲಿ ಬಟನ್ ಒತ್ತುತಾ ಕೂತ್ರೂ ಗೇಮಲ್ಲಿರೋ ಫೈಟರ್‌ಗೆ ಬಲ ಬರತ್ತೆ. ಪಳಗು ಕೂರಲ್ಲ.

ಮೂರನೇಮಂತ್ರ:
ಪದ ಆಮೇಲೆ, ಸಲಹೆ ಸರಿ ಮಾಡ್ಕೊಳ್ಳಿ ಮೊದ್ಲು. ಗಾರ್ಲಂಡ್‌ಗೆ ಅಷ್ಟೇನೂ ತಯಾರಿ ಬೇಡ, ಆಯುಧ ಕೊಂಡು ಸ್ವಲ್ಪ ಬಡಿದಾಡಿದ್ರೆ ಸಾಕು. ಹುಡುಗ್ರು ಸೋಲೋದು ಜೌಗಿನ ಗವೀಲಿ, ಮಾರ್ಷ್ ಕೇವ್ ಅಂತಾರಲ್ಲ ಅದು, ಅಲ್ಲಿ ವಿಷದ ಕಾಟ, ಮದ್ದು ಕಟ್ಕೊಂಡೇ ಇಳೀಬೇಕು. ಪ್ರವೋಕಾ ಅನ್ನೋ ಬಂದರಿನ ಊರಿಂದ ಈಶಾನ್ಯಕ್ಕೆ ಚಾಚಿರೋ ಭೂಶಿರದ ತುದೀಲಿ ಮುಂದೆ ಬರೋ ದೊಡ್ಡ ರಾಕ್ಷಸರು ಆವಾಗ್ಲೇ ಸಿಗ್ತಾರೆ, ಗ್ರೈಂಡಿಂಗ್ ಅಂದ್ರೆ ಹಳಬರೆಲ್ಲ ಓಡೋದು ಅಲ್ಲಿಗೆ. ಸರದಿ ಅಂತ ಬರೆದು ಸುಮ್ನಾದ್ರೂ ಆಗಲ್ಲ. ಹಳೇ ಆವೃತ್ತೀಲಿ ನಿಮ್ಮ ತಂಡದ ನಾಲ್ಕೂ ಜನಕ್ಕೆ ಅಪ್ಪಣೆ ಮೊದ್ಲೇ ಕೊಟ್ಬಿಡ್ಬೇಕು, ನೀವು ತೋರಿಸಿದ ಶತ್ರು ಮೊದಲ ಏಟಿಗೇ ಸತ್ರೆ ಉಳಿದ ಮೂರು ಏಟೂ ಗಾಳಿಗೆ ಹೋಗತ್ತೆ, ಇನ್ನೊಬ್ಬನ ಮೇಲೆ ತಾನಾಗಿ ತಿರುಗಲ್ಲ (ಆಮೇಲಿನ ಆವೃತ್ತಿಗಳಲ್ಲಿ ತಿರುಗತ್ತೆ). ಅದಕ್ಕೇ ಏಟು ಹಂಚಿ ಅಂತ ದಪ್ಪಕ್ಷರದಲ್ಲಿ ಹಾಕಿ. ತಂಡಕ್ಕೆ ಬ್ಲ್ಯಾಕ್ ಬೆಲ್ಟ್ ಅನ್ನೋ ಕುಸ್ತಿಪಟು ಥರದ ಪಾತ್ರ ತಗೊಂಡೋರು ಕೆಲವು ಲೆವೆಲ್ಲು ಆದ್ಮೇಲೆ ಅವನ ಕೈಯಿಂದ ಆಯುಧ ತೆಗೆದ್ಬಿಡ್ಲಿ, ಬರಿಗೈಯೇ ಜೋರು.

ಅಚ್ಚುಮೊಳೆ:
ಭೂಶಿರ ಅಲ್ಲ, ಪರ್ಯಾಯದ್ವೀಪ.

ಮೂರನೇಮಂತ್ರ:
ತುದಿ ಭೂಶಿರಾನೇ.

ಕೀಲಿಕೈ:
ತಾಲೀಮು ಅಂತ್ಲೇ ಹಾಕಿ ಕಳಿಸ್ದೆ, ಏಟಿನ ವಿಷಯಾನೂ ಸೇರಿಸ್ದೆ. ಥ್ಯಾಂಕ್ಸ್ ಎಲ್ರಿಗೂ.

ಪದಬೇಟೆ:
ಹೀಗೇ ಒಂದೊಂದಾಗಿ ಕನ್ನಡದ ಪದ ಮೂಲೆಗೆ ಸೇರೋದು.

ಹಗ್ಗಜಗ್ಗ:
ಅರ್ಜಿ, ಜಮೀನು, ವಕೀಲ, ತಾಲೂಕು ಎಲ್ಲಾ ವಾಪಸ್ ಕಳಿಸಿ ಹಾಗಾದ್ರೆ. ತಾಲೀಮು ಗರಡಿ ಮಣ್ಣಲ್ಲಿ ಹೊರಳಿ ಎಷ್ಟು ತಲೆಮಾರಾಯ್ತು, ಇನ್ನೂ ಅದರ ಊರು ಕೇಳ್ತೀರಲ್ಲ.

ಪದಬೇಟೆ:
ಅರ್ಜಿ, ಜಮೀನು ದರ್ಬಾರಿನ ಜೊತೆ ಬಂದವು, ಬೇಡ ಅನ್ನೋಕೆ ಯಾರಿಗೂ ಅವಕಾಶ ಇರಲಿಲ್ಲ. ಗೇಮಿನ ಪದ ಇವತ್ತು ನಾವೇ ಕೂತು ಆರಿಸ್ತಿರೋದು. ಎರಡನ್ನೂ ಒಂದೇ ತಕ್ಕಡೀಲಿ ಹಾಕ್ಬೇಡಿ. ನಾಳೆ ಬೇರೆ ಎಳೆ ಶುರು ಮಾಡ್ತೀನಿ, ಅಲ್ಲಿಗೆ ಬನ್ನಿ.