ನೆಗಡಿಯೋ ಕೋವಿಡ್ಡೋ? ಸೀಮಂತಕ್ಕೆ ಹೋಗಬಹುದಾ?

ಶ್ರುತಿ, ತುಮಕೂರು: ಎರಡು ದಿನದಿಂದ ಗಂಟಲು ಕೆರೆತ, ಮೂಗು ಸೋರುತ್ತಿದೆ. ನಿನ್ನೆ ಸಂಜೆ ಮೈ ಬಿಸಿಯಾಗಿತ್ತು. ಆದರೆ ಕಾಫಿಯ ವಾಸನೆ ಚೆನ್ನಾಗಿ ಗೊತ್ತಾಗುತ್ತೆ. ಅಂದ್ರೆ ಕೋವಿಡ್ ಅಲ್ಲ, ಅಲ್ವಾ? ಭಾನುವಾರ ನಾದಿನಿಯ ಸೀಮಂತ. ಹೋಗದಿದ್ದರೆ ಅತ್ತೆಗೆ ಬೇಜಾರು.

ಬಸವರಾಜ: ಮಳೆ ಶುರುವಾದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರಿಗೂ ಇದೇ. ಮೆಣಸಿನ ಕಷಾಯ ಕುಡಿದು ಹೋಗಿ ಬನ್ನಿ. ಸುಮ್ನೆ ಟೆಸ್ಟು ಗಿಸ್ಟು ಅಂತ ತಲೆ ಕೆಡಿಸಿಕೊಳ್ಳಬೇಡಿ.

ನರ್ಸಮ್ಮ: ವಾಸನೆಯ ಲೆಕ್ಕ 2020-21ರದ್ದು ಶ್ರುತಿ. ಕೋವಿಡ್ಡಿನ ಒಮಿಕ್ರಾನ್ ತಳಿ ಬಂದ ಮೇಲೆ ವಾಸನೆ ಹೋಗುವುದು ಕಡಿಮೆಯಾಗಿದೆ, ಗಂಟಲು ನೋವು, ಸೋರುವ ಮೂಗೇ ಜಾಸ್ತಿ. ಜ್ವರವಿಲ್ಲದೆ ಕಣ್ಣು ಕೆರೆದು ಸಾಲಾಗಿ ಸೀನು ಬಂದರೆ ಅಲರ್ಜಿ ಅನ್ನಬಹುದು. ನೆಗಡಿಯನ್ನೂ ಸಣ್ಣ ಕೋವಿಡ್ಡನ್ನೂ ಬರೀ ಲಕ್ಷಣ ನೋಡಿ ಬೇರೆ ಮಾಡಲು ಡಾಕ್ಟರಿಗೂ ಆಗಲ್ಲ. ಮೆಡಿಕಲ್ ಶಾಪಲ್ಲಿ ಮನೆಯಲ್ಲೇ ಕೋವಿಡ್ ಟೆಸ್ಟ್ ಮಾಡೋ ಕಿಟ್ ಸಿಗುತ್ತಾ ನೋಡಿ.

ಬಸವರಾಜ: ನೆಗೆಟಿವ್ ಬಂದರೆ ಹೋಗಬಹುದು ತಾನೇ?

ನರ್ಸಮ್ಮ: ಒಂದು ನೆಗೆಟಿವ್ ನಂಬಬೇಡಿ ಅಣ್ಣ. ಮೊದಲ ದಿನಗಳಲ್ಲಿ ಕಿಟ್‌ಗೆ ಸಿಗದೆ ತಪ್ಪಿಸಿಕೊಳ್ಳುವುದುಂಟು. 48 ಗಂಟೆ ಬಿಟ್ಟು ಮತ್ತೆ ನೋಡಬೇಕು. ಕೋವಿಡ್ ಅಲ್ಲದೆ ಫ್ಲೂ ಆಗಿದ್ದರೂ ಬಸುರಿಗೆ ಒಳ್ಳೆಯದಲ್ಲ. ಜ್ವರ ಬಂದವರು ಅವಳ ಪಕ್ಕ ಕೂತು ಆರತಿ ಎತ್ತೋದು ಬೇಡ.

ಪಿಜಿ ಹುಡುಗ: ಜ್ವರ ಬಂದರೆ ಬೇರೆ ಇರಿ ಅನ್ನೋದು ಮನೆಯಲ್ಲಿ ಇರೋರಿಗೆ ಸರಿ. ಬೆಂಗಳೂರಿನ ಪಿಜಿಯಲ್ಲಿ ಒಂದು ರೂಮಿಗೆ ಮೂವರು. ಎಲ್ಲಿ ಬೇರೆ ಇರೋದು?

ನರ್ಸಮ್ಮ: ಕಿಟಕಿ ತೆಗೆದಿಡಿ, ಎಸಿ ಬೇಡ. ರೂಮಲ್ಲಿ ಎನ್95 ಮಾಸ್ಕ್ ಹಾಕಿ, ಮೂಗಿನ ಹತ್ತಿರ ಸಂದು ಬಿಡಬೇಡಿ. ಊಟ ಎಲ್ಲರ ಜೊತೆ ಬೇಡ, ಮಾಸ್ಕ್ ತೆಗೆಯೋದೇ ಆಗ.

ಬಸವರಾಜ: ದಿನಗೂಲಿಯವರಿಗೆ ರಜೆ ಕೊಡೋರು ಯಾರು? ನಿಮ್ಮ ಮಾತೆಲ್ಲ ಸಂಬಳ ಬರೋರಿಗೆ.

ನರ್ಸಮ್ಮ: ಅದು ನಿಜ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಕೆಲಸಕ್ಕೆ ಹೋಗಲೇಬೇಕಾದರೆ ಮಾಸ್ಕ್ ಮಾತ್ರ ಬಿಡಬೇಡಿ.

ಶ್ರುತಿ, ತುಮಕೂರು: ಕಿಟ್ ತರಿಸಿದೆ. ಸಿ ಹತ್ತಿರ ದಪ್ಪ ಗೆರೆ, 15 ನಿಮಿಷಕ್ಕೆ ಟಿ ಹತ್ತಿರ ಕಂಡೂ ಕಾಣದ ಹಾಗೆ ಒಂದು.

ನರ್ಸಮ್ಮ: ಸಿ ಗೆರೆ ಬಂದರೆ ಟೆಸ್ಟ್ ಸರಿಯಾಗಿ ಆಗಿದೆ ಅಂತ, ಟಿ ಗೆರೆ ಬಂದರೆ ಕೋವಿಡ್ ಇದೆ ಅಂತ. ಟಿ ಗೆರೆ ಮಸುಕಾದರೂ ಪಾಸಿಟಿವ್ವೇ. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆಂಟಿಬಯೋಟಿಕ್ ನೀವೇ ತಗೋಬೇಡಿ. ಉಸಿರಾಟ ಕಷ್ಟವಾದರೆ, ಎದೆ ನೋವು ಬಂದರೆ ಆಸ್ಪತ್ರೆಗೆ ಹೋಗಿ, ಕಾಯಬೇಡಿ.

ಶ್ರುತಿ, ತುಮಕೂರು: ಸರಿ ಅಕ್ಕ. ನಮ್ಮೆಜಮಾನರಿಗೆ ಏನೂ ಆಗಿಲ್ಲ, ಅವರೊಬ್ಬರೇ ಹೋಗಿ ಬರಲಾ?

ನರ್ಸಮ್ಮ: ಲಕ್ಷಣ ಕಾಣಿಸೋ ಒಂದೆರಡು ದಿನ ಮೊದಲೇ ಇದು ಹರಡುತ್ತೆ. ಅವರೂ ಮನೆಯಲ್ಲೇ ಇರಲಿ. ಸೀರೆ, ಬಳೆ ಬೇರೆಯವರ ಕೈಲಿ ಕಳಿಸಿ.

ಬಸವರಾಜ: ಅತ್ತೆಗೆ ಫೋನು ಎಜಮಾನರೇ ಮಾಡಲಿ.